ಬೆಳಕಿಗೆ ಬಣ್ಣವೇ ಗುರಿ: ಮೊಡವೆ, ಬೇಡದ ಕೂದಲು ಮತ್ತು ಲೇಸರ್

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆ, ಸಿಎಂಎಚ್ ರಸ್ತೆ ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ಕಡೆ ಹೊರಟವರಿಗೆ ಚರ್ಮದ ಕ್ಲಿನಿಕ್, ಲೇಸರ್ ಸೆಂಟರ್, ಬ್ಯೂಟಿ ಸ್ಟುಡಿಯೋಗಳ ಬೋರ್ಡುಗಳು ದಾರಿಯುದ್ದಕ್ಕೂ ಕಾಣುತ್ತವೆ. ಅವುಗಳ ಮೆಟ್ಟಿಲು ಹತ್ತುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮದುವೆಗೆ ಎರಡು ತಿಂಗಳಿದೆ, ಅಷ್ಟರಲ್ಲಿ ಗದ್ದದ ಕೂದಲು ಹೋದೀತೇ? ನನ್ನದು ಕಪ್ಪು ಮೈ, ಲೇಸರ್ ಸುಡುವುದಿಲ್ಲವೇ? ವರ್ಷಗಟ್ಟಲೆ ಕಾಡಿದ ಮೊಡವೆ ಬೆಳಕಿನಿಂದ ನಿಂತೀತೇ? ಹೋದ ಕೂದಲು ಮತ್ತೆ ಬರುವುದಿಲ್ಲ ಎಂಬ ಮಾತು ನಿಜವೇ?

ಇವಕ್ಕೆಲ್ಲ ಉತ್ತರ ಸಿಗಬೇಕಾದರೆ ಮೊದಲು ಒಂದು ವಿಷಯ ತಿಳಿಯಬೇಕು: ಚರ್ಮದೊಳಗೆ ಇಳಿದ ಬೆಳಕು ಯಾವುದನ್ನು ಗುರಿಯಾಗಿ ಹಿಡಿಯುತ್ತದೆ? ಅದು ತಿಳಿದರೆ ಯಾವ ಯಂತ್ರ, ಎಷ್ಟು ಸಲ, ಯಾರ ಕೈಯಲ್ಲಿ ಎಂಬುದನ್ನು ಕೇಳಿ ತಿಳಿಯುವ ಧೈರ್ಯವೂ ಬರುತ್ತದೆ.

ಬೆಳಕು ಗುರಿ ಹಿಡಿಯುವ ಬಗೆ

ಮೊದಲ ಲೇಸರ್ 1960ರಲ್ಲಿ ಅಮೆರಿಕದ ಥಿಯೋಡರ್ ಮೇಮನ್ ಅವರ ಪ್ರಯೋಗಾಲಯದಲ್ಲಿ ಬೆಳಗಿತು. ಮಾಣಿಕ್ಯದ ಹರಳಿನಿಂದ ಹೊಮ್ಮಿದ ಆ ಕೆಂಪು ಬೆಳಕಿನ ತರಂಗಾಂತರ 694 ನ್ಯಾನೋಮೀಟರ್. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಕಲೆತಿರುತ್ತವೆ. ಲೇಸರ್ ಬೆಳಕಿನಲ್ಲಿ ಇರುವುದು ಒಂದೇ ಬಣ್ಣ, ಅದೂ ಒಂದೇ ದಿಕ್ಕಿಗೆ ಸಾಗುವಂಥದ್ದು.

ಈ ಬೆಳಕನ್ನು ಚರ್ಮದ ಮೇಲೆ ಹದವಾಗಿ ಬಳಸುವ ಸೂತ್ರವನ್ನು 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದರು. ಚರ್ಮದ ಒಂದೊಂದು ವಸ್ತುವೂ ಒಂದೊಂದು ತರಂಗಾಂತರದ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೂದಲಿಗೆ ಕಪ್ಪು ಕೊಡುವ ಮೆಲನಿನ್‌ಗೆ ಒಂದು ಶ್ರೇಣಿ, ರಕ್ತದ ಹಿಮೋಗ್ಲೋಬಿನ್‌ಗೆ ಇನ್ನೊಂದು, ನೀರಿಗೆ ಮತ್ತೊಂದು. ಹೀರಿಕೊಂಡ ಬೆಳಕು ಶಾಖವಾಗುತ್ತದೆ. ಸರಿಯಾದ ಬಣ್ಣವನ್ನು ಆರಿಸಿ, ಶಾಖ ಸುತ್ತಲಿನ ಭಾಗಕ್ಕೆ ಹರಡುವುದರೊಳಗೆ ಬೆಳಕಿನ ಮಿಡಿತವನ್ನು ನಿಲ್ಲಿಸಿದರೆ ಗುರಿಯಷ್ಟೇ ಬೇಯುತ್ತದೆ, ನೆರೆಯ ಚರ್ಮ ಉಳಿಯುತ್ತದೆ. ಇಂದಿನ ಹೆಚ್ಚಿನ ಚರ್ಮದ ಲೇಸರ್‌ಗಳು ನಿಂತಿರುವುದು ಈ ತತ್ವದ ಮೇಲೆ.

ಏಪ್ರಿಲ್ ತಿಂಗಳ ಮಧ್ಯಾಹ್ನ ರಸ್ತೆ ದಾಟುವಾಗ ಬರಿಗಾಲು ಡಾಂಬರಿನ ಮೇಲೆ ಬಿದ್ದರೆ ಸುಡುತ್ತದೆ, ಪಕ್ಕದ ಬಿಳಿ ಪಟ್ಟೆಯ ಮೇಲೆ ಅಷ್ಟು ಸುಡುವುದಿಲ್ಲ. ಬಿಸಿಲು ಎರಡಕ್ಕೂ ಒಂದೇ, ಕಪ್ಪು ಹೆಚ್ಚು ಹೀರುತ್ತದೆ ಅಷ್ಟೆ. ಕೂದಲಿನ ಲೇಸರ್ ನಂಬಿರುವುದೂ ಇದನ್ನೇ.

ಕೂದಲಿಗೆ ಬಳಸುವ ಲೇಸರ್‌ಗಳಲ್ಲಿ ಮುಖ್ಯವಾದವು ಮೂರು: 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್, 800ರಿಂದ 810ರ ಡಯೋಡ್, 1064ರ ಎನ್‌ಡಿ-ಯಾಗ್. ಇವುಗಳ ಜೊತೆಗೆ ಐಪಿಎಲ್ ಎಂಬುದೊಂದಿದೆ. ಅದನ್ನು ಲೇಸರ್ ಎಂದು ಕರೆಯುವವರಿದ್ದರೂ ಅದು ಲೇಸರ್ ಅಲ್ಲ. ಕ್ಸೆನಾನ್ ದೀಪದಿಂದ ಹೊಮ್ಮುವ ಸುಮಾರು 500ರಿಂದ 1200 ನ್ಯಾನೋಮೀಟರಿನ ಬೆರಕೆ ಬೆಳಕನ್ನು ಫಿಲ್ಟರ್‌ನಿಂದ ಸೋಸಿ ಕೊಡುವ ವಿಧಾನ ಅದು.

ಯಂತ್ರದ ಹೆಸರು ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ. 1064ರ ಎನ್‌ಡಿ-ಯಾಗ್ ಬೆಳಕನ್ನು ಮಿಲಿಸೆಕೆಂಡುಗಳ ಉದ್ದದ ಮಿಡಿತದಲ್ಲಿ ಬಿಟ್ಟರೆ ಕೂದಲಿನ ಬುಡ ಬೇಯುತ್ತದೆ. ಅದೇ ಬೆಳಕನ್ನು ನ್ಯಾನೋಸೆಕೆಂಡಿನ ಕಿರುಮಿಡಿತದಲ್ಲಿ ಬಿಟ್ಟರೆ ಹಚ್ಚೆಯ ಬಣ್ಣ ಒಡೆಯುತ್ತದೆ. ಈ ಎರಡನೆಯದನ್ನು ಕ್ಯೂ-ಸ್ವಿಚ್ಡ್ ಎನ್ನುತ್ತಾರೆ. ಇಂಗಾಲದ ಲೇಪ ಬಳಿದು ಬೆಳಕು ಬಿಡುವ ‘ಕಾರ್ಬನ್ ಪೀಲ್’ ಮಾಡುವುದು ಸಾಮಾನ್ಯವಾಗಿ ಇದರಲ್ಲೇ. ಇದರಿಂದ ಕೂದಲು ದೀರ್ಘಕಾಲ ಕಡಿಮೆಯಾಗುತ್ತದೆಂದು ನಿರೀಕ್ಷಿಸಬಾರದು.

ನಮ್ಮ ಮೈಬಣ್ಣದ ಲೆಕ್ಕ

ಕೂದಲಿನಲ್ಲಿರುವ ಮೆಲನಿನ್ ಚರ್ಮದ ಮೇಲ್ಪದರದಲ್ಲೂ ಇದೆ. ಬೆಳಕು ಬುಡ ತಲುಪಬೇಕಾದರೆ ಆ ಪದರ ದಾಟಿಯೇ ಹೋಗಬೇಕು. ಬಿಳಿ ಚರ್ಮ, ಕಪ್ಪು ಕೂದಲಿನವರಲ್ಲಿ ದಾರಿಯಲ್ಲಿ ತಡೆ ಕಡಿಮೆ. ಗೋಧಿ, ಕಂದು, ಕಪ್ಪು ಮೈಬಣ್ಣದ ನಮ್ಮಲ್ಲಿ ಮೇಲ್ಪದರವೇ ಒಂದಷ್ಟು ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಈ ಶಾಖ ಹದ ಮೀರಿದರೆ ಗುಳ್ಳೆ, ಸುಟ್ಟ ಗಾಯ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಅಥವಾ ಬಿಳಿ ಮಚ್ಚೆ.

1975ರಲ್ಲಿ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ರೂಪಿಸಲು ತೊಡಗಿದ ಅಳತೆಗೋಲಿನಲ್ಲಿ ಈಗ ಚರ್ಮವನ್ನು 1ರಿಂದ 6ರವರೆಗೆ ವಿಂಗಡಿಸುತ್ತಾರೆ. ಬಿಸಿಲಿಗೆ ಬೇಗ ಸುಟ್ಟು ಕೆಂಪಾಗುವ ಚರ್ಮ 1, ಅತಿ ಕಪ್ಪು ಚರ್ಮ 6. ಭಾರತೀಯರಲ್ಲಿ ಹೆಚ್ಚಿನವರು 4 ಮತ್ತು 5ರ ಆಸುಪಾಸು. ತರಂಗಾಂತರ ಉದ್ದವಾದಷ್ಟೂ ಮೆಲನಿನ್ ಅದನ್ನು ಹೀರುವುದು ಕಡಿಮೆ, ಬೆಳಕು ಇಳಿಯುವ ಆಳ ಹೆಚ್ಚು. ಹಾಗಾಗಿ ಕಪ್ಪು ಮೈಯವರಿಗೆ 1064ರ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತ. ಸರಿಯಾದ ಮಿಡಿತ ಮತ್ತು ತಂಪು ಇದ್ದರೆ ಡಯೋಡ್ ಕೂಡ ನಡೆಯುತ್ತದೆ. ಅಲೆಕ್ಸಾಂಡ್ರೈಟ್ ಮತ್ತು ಐಪಿಎಲ್‌ನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಚರ್ಮವನ್ನು ಕಾಯುವ ಉಪಾಯಗಳು ಎರಡು. ಒಂದು, ಮಿಡಿತವನ್ನು ಉದ್ದ ಮಾಡುವುದು. ತೆಳುವಾದ ಮೇಲ್ಪದರ ಕೆಲವೇ ಮಿಲಿಸೆಕೆಂಡುಗಳಲ್ಲಿ ಶಾಖ ಬಿಟ್ಟುಕೊಡುತ್ತದೆ, ದಪ್ಪನಾದ ಕೂದಲ ಬುಡಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಈ ಅಂತರವೇ ನಮ್ಮನ್ನು ಕಾಯುವುದು. ಎರಡು, ತಣಿಸುವುದು. ನೀಲಮಣಿ ಗಾಜಿನ ತಣ್ಣನೆಯ ತುದಿ, ತಂಪು ದ್ರವದ ಸಿಂಪರಣೆ, ತಣ್ಣನೆ ಗಾಳಿ, ಇವುಗಳಲ್ಲಿ ಒಂದು ಇರಲೇಬೇಕು.

ಬಿಸಿಲಿಗೆ ಕಂದಿದ ಮೈ ಇನ್ನೂ ಅಪಾಯಕಾರಿ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ದಿನವೂ ಸಿಗ್ನಲ್‌ಗೆ ಕಾಯುವ ಸ್ಕೂಟರ್ ಸವಾರರ ಮುಂಗೈ, ಕತ್ತು, ಮುಖ ಉಳಿದ ಮೈಗಿಂತ ಎರಡು ಛಾಯೆ ಕಪ್ಪಾಗಿರಬಹುದು. ಕಂಕುಳಿಗೆ ಹೊಂದುವ ಶಕ್ತಿಯನ್ನು ಅಂಥ ಮುಂಗೈಗೆ ಹಾಕಿದರೆ ಸುಡಬಹುದು. ಆದ್ದರಿಂದ ಸೆಷನ್ನಿಗೆ ಕೆಲವು ವಾರ ಮುಂಚಿನಿಂದಲೂ ಮುಗಿದ ಮೇಲೂ ತುಂಬುತೋಳು ಮತ್ತು ಸನ್‌ಸ್ಕ್ರೀನ್ ಬೇಕು. ಟೂರು ಮುಗಿಸಿ ಕಂದಿ ಬಂದಿದ್ದರೆ ಅದನ್ನು ಹೇಳಿ ಸೆಷನ್ ಮುಂದೂಡಿ. ಮೊದಲ ದಿನ ಪೂರ್ತಿ ಮುಖಕ್ಕೆ ಹೊಡೆಸದೆ ಒಂದು ಸಣ್ಣ ಜಾಗದಲ್ಲಿ ಪರೀಕ್ಷಾ ಮಿಡಿತ ಹಾಕಿಸಿ. ಕಪ್ಪು ಮೈಯಲ್ಲಿ ಕಲೆ ತಡವಾಗಿ ಮೂಡುವುದರಿಂದ ಫಲ ನೋಡಲು ಒಂದೆರಡು ವಾರ ಕೊಡುವುದು ಒಳ್ಳೆಯದು.

ಕೂದಲು: ಏಕೆ ಇಷ್ಟು ಸಲ?

ಕೂದಲು ಬೆಳೆಯುವ, ಹಿಮ್ಮೆಟ್ಟುವ, ವಿಶ್ರಮಿಸುವ ಮೂರು ಹಂತಗಳಲ್ಲಿ ಸುತ್ತುತ್ತದೆ. ಬೆಳೆಯುವ ಹಂತದಲ್ಲಿ ಮಾತ್ರ ಬುಡದಲ್ಲಿ ಬಣ್ಣ ತುಂಬಿದ್ದು ಬೆಳಕಿಗೆ ಒಳ್ಳೆಯ ಗುರಿ ಸಿಗುತ್ತದೆ. ಒಂದು ದಿನ ನೋಡಿದರೆ ಒಂದು ಜಾಗದ ಕೂದಲಲ್ಲಿ ಒಂದು ಭಾಗ ಮಾತ್ರ ಆ ಹಂತದಲ್ಲಿರುತ್ತದೆ. ಉಳಿದವು ಆ ಹಂತಕ್ಕೆ ಬರುವವರೆಗೆ ಕಾಯಬೇಕು. ಅದಕ್ಕೇ ಮುಖಕ್ಕೆ 4ರಿಂದ 6 ವಾರ, ಕೈಕಾಲಿಗೆ 6ರಿಂದ 8 ವಾರ ಅಥವಾ ಇನ್ನೂ ಹೆಚ್ಚು ಅಂತರ ಕೊಟ್ಟು 6ರಿಂದ 8 ಸೆಷನ್ ಮಾಡುವುದು ವಾಡಿಕೆ. ಎರಡು ತಿಂಗಳಲ್ಲಿ ಮದುವೆ ಇರುವವರಿಗೆ ಒಂದೆರಡು ಸೆಷನ್ ಆಗಬಹುದು, ಪೂರ್ತಿ ಫಲ ಆಗದು. ಮುಹೂರ್ತದ ಹಿಂದಿನ ವಾರವಂತೂ ಮುಖಕ್ಕೆ ಯಾವ ಹೊಸ ಲೇಸರ್ ಪ್ರಯೋಗವೂ ಬೇಡ.

‘ಶಾಶ್ವತ’ ಎಂಬ ಮಾತನ್ನು ಅಳೆದು ಕೇಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಲೇಸರ್‌ಗಳಿಗೆ ಒಪ್ಪಿರುವುದು ಶಾಶ್ವತ ಕೂದಲು ಇಳಿಕೆ ಎಂಬ ಮಾತನ್ನು, ಶಾಶ್ವತ ನಿರ್ಮೂಲನೆಯನ್ನಲ್ಲ. ಮತ್ತೆ ಬೆಳೆಯುವ ಕೂದಲಿನ ಸಂಖ್ಯೆ ದೀರ್ಘಕಾಲ ಕಡಿಮೆಯಾಗಿ ಉಳಿಯುವುದು ಎಂದು ಅದರ ಅರ್ಥ. ಭಾರತದ ಚರ್ಮವೈದ್ಯರ ಸಂಘವಾದ ಐಎಡಿವಿಎಲ್ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇಳಿಕೆ ಎಂಬ ಮಾತನ್ನೇ ಬಳಸಿದೆ. ಉಳಿದ ಕೂದಲು ತೆಳ್ಳಗೆ, ನಸುಬಣ್ಣದ್ದಾಗಿ ಬರುತ್ತದೆ. ವರ್ಷಕ್ಕೊಂದೆರಡು ಸಲ ಮರುಸೆಷನ್ ಬೇಕಾಗಬಹುದು.

ಲೇಸರ್‌ಗೆ ಬಗ್ಗದ ಕೂದಲೂ ಇದೆ. ನರೆತ ಬಿಳಿ ಕೂದಲಿನಲ್ಲಿ ಮೆಲನಿನ್ ಇಲ್ಲ, ಆದ್ದರಿಂದ ಗುರಿಯೂ ಇಲ್ಲ. ಕೆನ್ನೆಯ ಮೇಲಿನ ನವಿರಾದ ರೋಮದ ಮೇಲೂ ಫಲ ಕಡಿಮೆ. ಅಂಥ ಮೃದು ರೋಮಕ್ಕೆ ಬೆಳಕು ಬಿದ್ದಾಗ ಕೆಲವರಲ್ಲಿ ಅದು ದಪ್ಪನಾಗಿ ಕಪ್ಪಾಗಿ ಬೆಳೆಯುವುದುಂಟು. ಇದು ಕತ್ತು ಮತ್ತು ದವಡೆಯ ಅಂಚಿನಲ್ಲಿ, ನಮ್ಮಂಥ ಮೈಬಣ್ಣದವರಲ್ಲಿ, ಹಾರ್ಮೋನ್ ಏರುಪೇರಿರುವ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಮುಖದ ರೋಮವೆಲ್ಲ ಒಂದೇ ಸಲ ಹೋಗಲಿ ಎಂಬ ಆತುರ ಬೇಡ. ಬಿಳಿ ಕೂದಲಿಗೆ ದಾರಿ ಎಲೆಕ್ಟ್ರಾಲಿಸಿಸ್. 1875ರಲ್ಲಿ ಚಾರ್ಲ್ಸ್ ಮಿಶೆಲ್ ಎಂಬ ಕಣ್ಣಿನ ವೈದ್ಯರು ಒಳಮುಖವಾಗಿ ಬೆಳೆದ ರೆಪ್ಪೆಗೂದಲಿಗೆ ಬಳಸಿದ ವಿದ್ಯುತ್ ಸೂಜಿಯ ವಿಧಾನವೇ ಇದು. ಒಂದೊಂದು ಕೂದಲಿಗೂ ಒಂದೊಂದು ಸಲ ಸೂಜಿ ಇಳಿಸಬೇಕಾದ್ದರಿಂದ ನಿಧಾನ, ಆದರೆ ಬಣ್ಣದ ಹಂಗಿಲ್ಲ.

ಸೆಷನ್ನಿಗೆ ಮುನ್ನ ನೆನಪಿಡಬೇಕಾದ್ದು ಇಷ್ಟು. ನಾಲ್ಕೈದು ವಾರ ವ್ಯಾಕ್ಸಿಂಗ್, ಥ್ರೆಡಿಂಗ್, ಕೀಳುವುದು ಬೇಡ. ಬುಡವೇ ಕಿತ್ತುಹೋದರೆ ಬೆಳಕಿಗೆ ಗುರಿ ಸಿಗುವುದಿಲ್ಲ. ರೇಜರ್‌ನಿಂದ ಬೋಳಿಸುವುದು ಸರಿ. ಬೋಳಿಸಿದರೆ ದಪ್ಪನಾಗಿ ಬೆಳೆಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಕಾಡಿಗೆ, ಮೇಕಪ್ ಪೂರ್ತಿ ತೊಳೆದು ಹೋಗಿ. ಹಚ್ಚೆಯ ಮೇಲೆ, ಕಪ್ಪು ಮಚ್ಚೆಯ ಮೇಲೆ ಬೆಳಕು ಬೀಳಬಾರದು. ಅಜ್ಜಿಯ ಕಾಲದ ಹಸಿರು ಹಚ್ಚೆಯೂ ಈ ಬೆಳಕಿಗೆ ಕಪ್ಪು ಗುರಿಯೇ. ತುಟಿಯಲ್ಲಿ ಹರ್ಪಿಸ್ ಗುಳ್ಳೆ ಏಳುವ ಅಭ್ಯಾಸವಿದ್ದರೆ, ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನೋಯಿನ್ ನುಂಗುತ್ತಿದ್ದರೆ ಮೊದಲೇ ಹೇಳಿ. ಗರ್ಭಿಣಿಯರು ಹೆರಿಗೆಯ ನಂತರಕ್ಕೆ ಮುಂದೂಡುವುದು ವಾಡಿಕೆ. ಆಗ ಬಂದ ಹೆಚ್ಚುವರಿ ಕೂದಲು ಎಷ್ಟೋ ಸಲ ತಾನಾಗಿಯೇ ಉದುರುತ್ತದೆ.

ಮಿಡಿತ ಬಿದ್ದಾಗ ರಬ್ಬರ್ ಬ್ಯಾಂಡ್ ಚಟ್ಟೆಂದು ಹೊಡೆದ ಹಾಗಾಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಬುಡದ ಸುತ್ತ ಸಣ್ಣ ಊತ, ಕೆಂಪು ಕೆಲವು ಗಂಟೆಗಳಿಂದ ಒಂದೆರಡು ದಿನ ಇರಬಹುದು. ಮುಂದಿನ ವಾರಗಳಲ್ಲಿ ಸುಟ್ಟ ಕೂದಲು ಹೊರಗೆ ತಳ್ಳಿಕೊಂಡು ಬಂದು ಉದುರುತ್ತದೆ. ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಕಡ್ಡಾಯ. ಹುಬ್ಬಿನ ಕೆಳಭಾಗ, ರೆಪ್ಪೆಯ ಹತ್ತಿರ ಲೇಸರ್ ಮಾಡಿಸಲೇಬಾರದು. ಅಲ್ಲಿಂದ ಇಳಿದ ಬೆಳಕು ಕಣ್ಣಿನ ಪಾಪೆಗೆ ಗಾಸಿ ಮಾಡಿರುವ ಪ್ರಕರಣಗಳಿವೆ.

ನೋವು ತಡೆಯುವ ಮರಗಟ್ಟಿಸುವ ಕ್ರೀಮಿನ ಬಗ್ಗೆಯೂ ಎಚ್ಚರ ಬೇಕು. ಎರಡೂ ಕಾಲಿಗೆ ಬಳಿದು ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಔಷಧ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಲೇಸರ್‌ಗೆ ಮುನ್ನ ಹೀಗೆ ಹಚ್ಚಿಕೊಂಡ ಇಬ್ಬರು ಯುವತಿಯರು ಸತ್ತ ಮೇಲೆ 2007ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು.

ಕೂದಲು ಏಕೆ ಬಂತು ಎಂದು ಮೊದಲು ಕೇಳಿ

ಗದ್ದ, ಮೇಲ್ದುಟಿ, ಎದೆ, ಹೊಟ್ಟೆಯ ಮೇಲೆ ಹೆಣ್ಣುಮಕ್ಕಳಿಗೆ ಗಂಡಸರಂತೆ ದಪ್ಪ ಕೂದಲು ಬರುವುದಕ್ಕೆ ಹೆಚ್ಚಿನವರಲ್ಲಿ ಕಾರಣ ಪಿಸಿಓಎಸ್ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ. ಮುಟ್ಟು ತಪ್ಪುವುದು, ದವಡೆಯ ಸುತ್ತ ಮೊಡವೆ, ತೂಕ ಏರುವುದು, ನೆತ್ತಿಯ ಕೂದಲು ತೆಳ್ಳಗಾಗುವುದು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ. ವೈದ್ಯರು ದೇಹದ 9 ಜಾಗಗಳಿಗೆ 0ರಿಂದ 4ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. ಇದು ಫೆರಿಮನ್ ಮತ್ತು ಗಾಲ್ವೆ 1961ರಲ್ಲಿ ತಂದ ಅಳತೆಯ ಪರಿಷ್ಕೃತ ರೂಪ. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಮುಂತಾದ ಪರೀಕ್ಷೆಗಳನ್ನೂ ಬರೆಯಬಹುದು. ಒಳಗೆ ಹಾರ್ಮೋನ್ ಹೊಸ ಬುಡಗಳನ್ನು ಎಬ್ಬಿಸುತ್ತಲೇ ಇದ್ದರೆ ಹೊರಗೆ ಲೇಸರ್ ಎಷ್ಟು ಸುಟ್ಟರೂ ಕೂದಲು ಬರುತ್ತಲೇ ಇರುತ್ತದೆ. ಔಷಧ, ತೂಕ ಇಳಿಕೆ, ಲೇಸರ್ ಮೂರೂ ಒಟ್ಟಿಗೆ ನಡೆದಾಗ ಫಲ ನಿಲ್ಲುತ್ತದೆ. ಔಷಧದ ಫಲ ಕೂದಲಿನಲ್ಲಿ ಕಾಣಲು ಆರು ತಿಂಗಳು ಬೇಕು. ಕೆಲವೇ ತಿಂಗಳಲ್ಲಿ ಕೂದಲು ಹಠಾತ್ತನೆ ಹೆಚ್ಚಿ ದನಿಯೂ ಗಡುಸಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಹಾರ್ಮೋನ್ ಸುರಿಸುವ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮೊಡವೆಗೂ ಮುಖದ ಕೂದಲಿಗೂ ಸಮಾನ ಕಾರಣವಾಗಬಲ್ಲದ್ದು ಇನ್ನೊಂದಿದೆ: ಸ್ಟೀರಾಯ್ಡ್ ಬೆರೆತ ಕ್ರೀಮು. ಬೆಳ್ಳಗಾಗಲು, ಕಲೆ ಹೋಗಲು ಎಂದು ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಕೊಂಡ ಟ್ಯೂಬಿನಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇದ್ದರೆ ಮೊದಮೊದಲು ಮುಖ ಹೊಳೆಯುತ್ತದೆ. ತಿಂಗಳುಗಳಾದ ಮೇಲೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿ, ಮೊಡವೆ ಎದ್ದು, ರೋಮ ದಟ್ಟವಾಗುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಲೇಪನಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದೆಂದಿತು. ಮನೆಯಲ್ಲಿರುವ ಟ್ಯೂಬಿನ ಹಿಂದಿನ ಸಣ್ಣಕ್ಷರಗಳನ್ನು ಇವತ್ತೇ ಓದಿ, ಆ ಟ್ಯೂಬನ್ನೇ ವೈದ್ಯರಿಗೆ ತೋರಿಸಿ. ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮದ ಮೇಲೆ ಲೇಸರ್ ಹೊಡೆಸುವುದು ಗಾಯದ ಮೇಲೆ ಬರೆ.

ಟ್ರಾನ್ಸ್ ಮಹಿಳೆಯರಿಗೆ ಮುಖದ ಕೂದಲಿನ ಚಿಕಿತ್ಸೆ ಅಲಂಕಾರದ ವಿಷಯವಲ್ಲ. ಹಾರ್ಮೋನ್ ಚಿಕಿತ್ಸೆಯಿಂದ ಮೈಯ ಕೂದಲು ತೆಳ್ಳಗಾದರೂ ಒಮ್ಮೆ ಗಡುಸಾದ ಗಡ್ಡ ಅಷ್ಟಕ್ಕೇ ಹೋಗುವುದಿಲ್ಲ. ಗಡ್ಡದ ಬುಡ ಆಳ, ದಪ್ಪ, ದಟ್ಟ. ಆದ್ದರಿಂದ ನೋವೂ ಹೆಚ್ಚು, ಸೆಷನ್ನುಗಳೂ ಹೆಚ್ಚು. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ ಕಾಯ್ದೆಯ 15ನೇ ಸೆಕ್ಷನ್, ಸಮಗ್ರ ವಿಮಾ ಯೋಜನೆಯಲ್ಲಿ ಭರಿಸಬೇಕಾದ ವೆಚ್ಚಗಳನ್ನು ಎಣಿಸುವಾಗ ಹಾರ್ಮೋನ್ ಚಿಕಿತ್ಸೆಯ ಜೊತೆಗೆ ಲೇಸರ್ ಚಿಕಿತ್ಸೆಯನ್ನೂ ಹೆಸರಿಸಿದೆ. ಈ ಸೌಲಭ್ಯ ಕೇಳುವುದು ಹಕ್ಕು. ಅದನ್ನು ಗೌರವದಿಂದ ಕೇಳಿಸಿಕೊಳ್ಳುವುದು ಆಸ್ಪತ್ರೆಗಳ ಹೊಣೆ.

ಮೊಡವೆಗೆ ಬೆಳಕು: ಎಷ್ಟು ನಂಬಬಹುದು?

ಮೊಡವೆ ಹುಟ್ಟಲು ನಾಲ್ಕು ಸಂಗತಿ ಸೇರಬೇಕು: ಎಣ್ಣೆಗ್ರಂಥಿ ಹೆಚ್ಚು ಜಿಡ್ಡು ಸುರಿಸುವುದು, ರಂಧ್ರದ ಬಾಯಿ ಕಟ್ಟುವುದು, ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುವುದು, ಉರಿಯೂತ. ಬೆಳಕಿನ ಒಂದೊಂದು ವಿಧಾನವೂ ಇವುಗಳಲ್ಲಿ ಒಂದೆರಡನ್ನು ಹಿಡಿಯುತ್ತದೆ.

ಆ ಬ್ಯಾಕ್ಟೀರಿಯಾ ತನ್ನೊಳಗೆ ಪಾರ್ಫಿರಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಪಾರ್ಫಿರಿನ್ 415 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕನ್ನು ಚೆನ್ನಾಗಿ ಹೀರಿ, ಆಮ್ಲಜನಕವನ್ನು ತೀವ್ರ ರೂಪಕ್ಕೆ ತಿರುಗಿಸುತ್ತದೆ. ಆ ಆಮ್ಲಜನಕವೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ನೀಲಿ ಎಲ್‌ಇಡಿ ದೀಪಗಳ ತಿರುಳು ಇದು. ನೀಲಿ ಬೆಳಕು ಆಳಕ್ಕೆ ಇಳಿಯದು. 630ರ ಸುತ್ತಲಿನ ಕೆಂಪು ಬೆಳಕು ಇನ್ನಷ್ಟು ಕೆಳಗಿಳಿದು ಉರಿಯೂತ ತಗ್ಗಿಸುತ್ತದೆ ಎಂಬ ಕಾರಣಕ್ಕೆ ಎರಡನ್ನೂ ಸೇರಿಸಿ ಕೊಡುತ್ತಾರೆ. ಫಲ ಕಾಣುವುದು ಕೆಂಪಗೆ ಊದಿದ ಸಣ್ಣ ಮೊಡವೆಯಲ್ಲಿ. ಕಪ್ಪುತಲೆ, ಬಿಳಿತಲೆ, ಗಂಟುಮೊಡವೆಗೆ ಇದು ಸಾಲದು. ದೀಪ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಮರಳಬಹುದು.

ಇದಕ್ಕಿಂತ ಬಲವಾದದ್ದು ಫೋಟೋಡೈನಮಿಕ್ ಚಿಕಿತ್ಸೆ. ಅಮಿನೋಲೆವುಲಿನಿಕ್ ಆಮ್ಲ ಹಚ್ಚಿ, ಅದು ಎಣ್ಣೆಗ್ರಂಥಿಯಲ್ಲಿ ಪಾರ್ಫಿರಿನ್ ಆದ ಮೇಲೆ ಬೆಳಕು ಬಿಡುತ್ತಾರೆ. ಗ್ರಂಥಿಯೇ ಕುಗ್ಗುತ್ತದೆ, ಆದರೆ ಉರಿ, ಸಿಪ್ಪೆ, ಆಮೇಲಿನ ಕಪ್ಪು ಕಲೆಯೂ ಅಷ್ಟೇ ಬಲ. ಎರಡು ದಿನ ಬಿಸಿಲು ತಾಕಿಸಬಾರದು. 585ರಿಂದ 595ರ ಪಲ್ಸ್ಡ್ ಡೈ ಲೇಸರ್ ರಕ್ತದ ಕೆಂಪನ್ನು ಗುರಿ ಹಿಡಿಯುವುದರಿಂದ ಮೊಡವೆ ಬಿಟ್ಟುಹೋದ ಕೆಂಪು ಗುರುತಿಗೆ ಉಪಯೋಗ.

ಹೊಸದೆಂದರೆ 1726 ನ್ಯಾನೋಮೀಟರಿನ ಲೇಸರ್. ಈ ತರಂಗಾಂತರವನ್ನು ಚರ್ಮದ ಜಿಡ್ಡು ಹೀರುತ್ತದೆ, ಮೆಲನಿನ್ ಅಷ್ಟಾಗಿ ಹೀರುವುದಿಲ್ಲ. ಮೈಬಣ್ಣದ ತೊಡಕಿಲ್ಲದೆ ಎಣ್ಣೆಗ್ರಂಥಿಯನ್ನೇ ಮುಟ್ಟುವ ದಾರಿ ಇದರಿಂದ ತೆರೆದಿದೆ. ಎಫ್‌ಡಿಎ 2022ರಲ್ಲಿ ಇಂಥ ಯಂತ್ರಗಳಿಗೆ ಅನುಮತಿ ಕೊಟ್ಟಿತು. ಭರವಸೆ ದೊಡ್ಡದು, ಬೆಲೆಯೂ ದೊಡ್ಡದು, ದೀರ್ಘಕಾಲದ ಅನುಭವ ಇನ್ನೂ ಕೂಡಿಬರುತ್ತಿದೆ.

ಒಟ್ಟು ಪುರಾವೆ ಏನು ಹೇಳುತ್ತದೆ? ವೈದ್ಯಕೀಯ ಪುರಾವೆಗಳನ್ನು ಒಟ್ಟುಮಾಡಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ಸಮೀಕ್ಷೆ 71 ಅಧ್ಯಯನಗಳನ್ನು ಜಾಲಾಡಿ, ಬೆಳಕಿನ ಚಿಕಿತ್ಸೆಗಳ ಬಗ್ಗೆ ಗುಣಮಟ್ಟದ ಪುರಾವೆ ಕಡಿಮೆ ಎಂದಿತು. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿಯೂ ಮೊಡವೆಗೆ ಲೇಸರ್ ಮತ್ತು ಬೆಳಕನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದೇ ಹೇಳಿದೆ. ಅದೇ ಮಾರ್ಗಸೂಚಿ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ರೆಟಿನಾಯ್ಡ್, ಡಾಕ್ಸಿಸೈಕ್ಲಿನ್ ಇವುಗಳನ್ನು ಬಲವಾಗಿ ಹಿಡಿದಿದೆ. ತೀವ್ರ ಮೊಡವೆಗೆ ಐಸೊಟ್ರೆಟಿನೋಯಿನ್. ಐಸೊಟ್ರೆಟಿನೋಯಿನ್ ನುಂಗುವಾಗಲೂ ನಿಲ್ಲಿಸಿ ಒಂದು ತಿಂಗಳು ಕಳೆಯುವವರೆಗೂ ಗರ್ಭ ನಿಲ್ಲಬಾರದು, ಮಗುವಿಗೆ ಅಂಗವೈಕಲ್ಯದ ಅಪಾಯವಿದೆ.

ಹಚ್ಚುವ ಔಷಧದ ಫಲಕ್ಕೆ 8ರಿಂದ 12 ವಾರ ಕಾಯಬೇಕು. ಎರಡೇ ವಾರಕ್ಕೆ ಬೇಸತ್ತು ಟ್ಯೂಬು ಬಿಟ್ಟು ಲೇಸರ್ ಪ್ಯಾಕೇಜಿಗೆ ಸಾಲ ಮಾಡುವ ಯುವಕ ಯುವತಿಯರಿಗೆ ನಾನು ಹೇಳಬಯಸುವುದು ಇದನ್ನೇ: ಅಗ್ಗದ, ಪರೀಕ್ಷೆಗೆ ನಿಂತ ಔಷಧಕ್ಕೆ ಮೊದಲು ಪೂರ್ತಿ ಅವಕಾಶ ಕೊಡಿ. ಹೆಲ್ಮೆಟ್ಟಿನ ಪಟ್ಟಿ ಉಜ್ಜುವ ಗದ್ದದಲ್ಲೇ ಮೊಡವೆ ಸಾಲುಗಟ್ಟುತ್ತಿದ್ದರೆ ಪಟ್ಟಿ, ಒಳಪದರ ತೊಳೆದು ಬಳಸಿ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ.

ಕಲೆ ಬೇರೆ, ಗುಳಿ ಬೇರೆ

ಮೊಡವೆ ಹೋದ ಮೇಲೆ ಉಳಿಯುವುದು ಮೂರು ಬಗೆ. ಕಪ್ಪು ಕಲೆ ಬಣ್ಣದ ಶೇಷ. ಸನ್‌ಸ್ಕ್ರೀನ್, ಅಜೆಲಾಯಿಕ್ ಆಮ್ಲ, ರೆಟಿನಾಯ್ಡ್, ಸಮಯ ಇವೇ ಅದಕ್ಕೆ ಮದ್ದು. ಅವಸರದ ಲೇಸರ್ ಅದನ್ನು ಇನ್ನಷ್ಟು ಕಪ್ಪು ಮಾಡಬಲ್ಲದು. ಕೆಂಪು ಗುರುತು ರಕ್ತನಾಳದ್ದು, ಎಷ್ಟೋ ಸಲ ತಾನೇ ಮಾಸುತ್ತದೆ. ಗುಳಿ ಮಾತ್ರ ಚರ್ಮದೊಳಗಿನ ಕೊಲಾಜನ್ ನಷ್ಟ. ಅಲ್ಲಿ ಲೇಸರ್‌ಗೆ ನಿಜವಾದ ಕೆಲಸವಿದೆ. ನೀರು ಹೀರುವ 10,600 ನ್ಯಾನೋಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರ್, 2,940ರ ಎರ್ಬಿಯಂ ಲೇಸರ್ ಚರ್ಮದಲ್ಲಿ ಸೂಕ್ಷ್ಮ ರಂಧ್ರಗಳ ಸಾಲು ಕೊರೆಯುತ್ತವೆ. ನಡುವೆ ಬಿಟ್ಟ ಆರೋಗ್ಯವಂತ ಚರ್ಮದಿಂದ ಗಾಯ ಬೇಗ ಮಾಗಿ ಹೊಸ ಕೊಲಾಜನ್ ಕಟ್ಟುತ್ತದೆ. ಫ್ರಾಕ್ಷನಲ್ ಎಂಬ ಈ ವಿಧಾನ 2004ರಿಂದ ಬಂತು. ಕಿರಿದಾಗಿ ಆಳಕ್ಕಿಳಿದ ಗುಳಿಗೆ ಟಿಸಿಎ ಆಮ್ಲದ ಚುಕ್ಕೆ, ಒಳಗೆ ಅಂಟಿ ಎಳೆದುಕೊಂಡ ಗುಳಿಗೆ ಸೂಜಿಯಿಂದ ಆ ಅಂಟು ಬಿಡಿಸುವ ಸಬ್‌ಸಿಷನ್, ಹರಡಿದ ಗುಳಿಗೆ ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಸೇರಿಸುತ್ತಾರೆ. ಗುಳಿ ಮೇಲೇಳುತ್ತದೆ, ಪೂರ್ತಿ ಸಮವಾಗುವುದಿಲ್ಲ. ಮೊಡವೆ ಏಳುವುದು ನಿಂತ ಮೇಲೆಯೇ ಈ ಕೆಲಸ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಕಂಟೋನ್ಮೆಂಟ್ ಮತ್ತು ನಗರದ ಪೂರ್ವಭಾಗದ ಜನರಿಗೆ ಕಾರಣ ಪತ್ತೆ ಮಾಡಿಸಲು ದುಬಾರಿ ಬಾಗಿಲನ್ನೇ ತಟ್ಟಬೇಕಿಲ್ಲ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ 1868ರಿಂದ ನಡೆಯುತ್ತಿದೆ. ಈಗ ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಚರ್ಮವಿಭಾಗವಿದೆ. ಹೆಂಗಸರಿಗಾಗಿ ಅಲ್ಲೇ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆಯಿದೆ. ಇಂದಿರಾನಗರದ ಸರ್ಕಾರಿ ಆಸ್ಪತ್ರೆಗೆ ಬೆಳಕಿನ ಚದುರುವಿಕೆಯ ಸಂಶೋಧನೆಗೆ 1930ರ ನೊಬೆಲ್ ಪಡೆದ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. ಕೆ.ಆರ್. ಪುರದಲ್ಲೂ ಸಾರ್ವಜನಿಕ ಆಸ್ಪತ್ರೆಯಿದೆ. ಪಿಸಿಓಎಸ್ ಇದೆಯೇ, ಕ್ರೀಮಿನ ಹಾನಿಯೇ, ಯಾವ ದರ್ಜೆಯ ಮೊಡವೆ ಎಂಬುದು ಮೊದಲು ಗೊತ್ತಾಗಲಿ. ಲೇಸರ್ ಬೇಕೇ ಎಂಬುದು ಆಮೇಲಿನ ಮಾತು.

ಖಾಸಗಿ ಕ್ಲಿನಿಕ್ಕಿಗೆ ಹೋದಾಗ ಗೋಡೆ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಣಿ ಪತ್ರ ಮತ್ತು ದರಪಟ್ಟಿ ಕಾಣುವಂತಿರಬೇಕು. ವೈದ್ಯರ ಹೆಸರಿನ ಮುಂದೆ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಚರ್ಮಶಾಸ್ತ್ರದಲ್ಲಿದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಕೆಲವು ವಾರಗಳ ಕೋರ್ಸು ಮುಗಿಸಿ ಕಾಸ್ಮೆಟಾಲಜಿಸ್ಟ್ ಎಂದು ಬರೆದುಕೊಂಡವರು ಚರ್ಮವೈದ್ಯರಲ್ಲ.

ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ:

– ಯಂತ್ರದ ತರಂಗಾಂತರ ಎಷ್ಟು? ಅದು ಲೇಸರೋ ಐಪಿಎಲ್ಲೋ?
– ನನ್ನ ಮೈಬಣ್ಣ ಯಾವ ದರ್ಜೆ? ಪರೀಕ್ಷಾ ಮಿಡಿತ ಹಾಕುತ್ತೀರಾ?
– ಹಿಡಿಕೆ ಹಿಡಿಯುವವರು ಯಾರು? ಆ ಹೊತ್ತಿಗೆ ವೈದ್ಯರು ಒಳಗಿರುತ್ತಾರಾ?
– ಪ್ರತಿ ಸಲದ ಶಕ್ತಿ, ಮಿಡಿತದ ಉದ್ದ ನನ್ನ ಚೀಟಿಯಲ್ಲಿ ಬರೆಯುತ್ತೀರಾ?
– ಸುಟ್ಟರೆ ಯಾರಿಗೆ ಫೋನ್ ಮಾಡಬೇಕು?

ಎಂಟು ಸೆಷನ್ನಿನ ಹಣ ಒಂದೇ ಸಲ ಕಟ್ಟಬೇಡಿ. ಎರಡು ಸೆಷನ್ನಿನ ಫಲ ನೋಡಿ ಮುಂದುವರಿಯಿರಿ. ಪ್ರತಿ ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ, ಮೊದಲಿನ ಮತ್ತು ಆಮೇಲಿನ ಫೋಟೋ ಇಟ್ಟುಕೊಳ್ಳಿ. ಹಾನಿಯಾಗಿ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಅವೇ ಆಧಾರ.

ಆನ್‌ಲೈನ್‌ನಲ್ಲಿ ಕೊಳ್ಳುವ ಮನೆಯ ಐಪಿಎಲ್ ಯಂತ್ರಗಳಲ್ಲಿ ಶಕ್ತಿ ಕಡಿಮೆ, ಫಲವೂ ನಿಧಾನ. ಪೆಟ್ಟಿಗೆಯ ಮೇಲಿನ ಮೈಬಣ್ಣದ ಪಟ್ಟಿಯಲ್ಲಿ ಕಡುಗಂದು, ಕಪ್ಪು ಬಣ್ಣಗಳಿಗೆ ‘ಬಳಸಬೇಡಿ’ ಎಂದಿದ್ದರೆ ಆ ಮಾತನ್ನು ಮೀರಬೇಡಿ.

ಸುಟ್ಟು ಗುಳ್ಳೆ ಎದ್ದರೆ ಹರಿಯುವ ತಣ್ಣೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ತಣಿಸಿ. ಐಸ್ ನೇರವಾಗಿ ಬೇಡ. ಅರಿಶಿನ, ಟೂತ್‌ಪೇಸ್ಟ್, ಕಾಫಿಪುಡಿ ಬೇಡ. ಗುಳ್ಳೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ಅದೇ ದಿನ ಚರ್ಮವೈದ್ಯರಿಗೆ ತೋರಿಸಿ. ಬೇಗ ಹಿಡಿದ ಉರಿಯೂತ ಕಡಿಮೆ ಕಲೆ ಉಳಿಸುತ್ತದೆ.

ಮುಖದ ಮೇಲೆ ಒಂದಿಷ್ಟು ಕೂದಲಿರುವುದು, ಹರೆಯದಲ್ಲಿ ಮೊಡವೆ ಏಳುವುದು ಯಾರ ತಪ್ಪೂ ಅಲ್ಲ. ಅದು ಬೇಡವೆನಿಸಿದರೆ ಚಿಕಿತ್ಸೆ ಪಡೆಯುವುದೂ ತಪ್ಪಲ್ಲ. ಆದರೆ ಮೈಬಣ್ಣ ನೋಡದೆ, ಕಾರಣ ಕೇಳದೆ ಬರಿಯ ರಿಯಾಯಿತಿ ದರ ಹೇಳುವ ಕಡೆ ನಿಮ್ಮ ಮುಖ ಕೊಡಬೇಡಿ. ನಿಮ್ಮ ಚರ್ಮವನ್ನು ಕೈಯಿಂದ ಮುಟ್ಟಿ ನೋಡಿ, ಮುಟ್ಟಿನ ಲೆಕ್ಕ ಕೇಳಿ, ಹಚ್ಚುವ ಕ್ರೀಮಿನ ಹೆಸರು ಬರೆದುಕೊಂಡು, ‘ಈಗ ಲೇಸರ್ ಬೇಡ’ ಎಂದು ಹೇಳುವ ಧೈರ್ಯವೂ ಇರುವ ವೈದ್ಯರನ್ನು ಹುಡುಕಿ. ಅವರು ಬೇಕು ಎಂದ ದಿನ ಆ ಮಾತನ್ನು ನಂಬಬಹುದು.